ನಲ್ಲಿ ತಿರುಗಿಸುವ ಕೈ

ತರೀಕೆರೆಗೆ ಕೊಳಾಯಿ ನೀರು ಬಂದ ವರ್ಷ, ನಮ್ಮ ಅಡುಗೆಮನೆಗೆ ನಲ್ಲಿ ಹಾಕಲು ಕಡೂರಿನಿಂದ ಒಬ್ಬ ಮೇಸ್ತ್ರಿ ಬಂದಿದ್ದರು. ಮುಚ್ಚಿದ ನಲ್ಲಿಯನ್ನು ಬಾಯಿಗಿಟ್ಟು ಕೆನ್ನೆಯುಬ್ಬಿಸಿ ಊದುವರು. ಉಸಿರು ಸೋರಿದರೆ ಆ ನಲ್ಲಿ ಬೇಡ. ಹೊಸ ಸೊಸೆಯಾದ ನಾನು ಕುತೂಹಲ ತಡೆಯಲಾರದೆ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ.

ಮಾವನವರು ಗುಂಡು ಹಿಡಿಯ, ಥಳಥಳಿಸುವ ಹಿತ್ತಾಳೆ ನಲ್ಲಿಯೊಂದನ್ನು ಆರಿಸಿದರು. ಅದು ಸೋರಲಿಲ್ಲ.

"ಮಾಲೇನೋ ಗಟ್ಟಿ. ತಿರುಗ್ಸೋರು ಯಾರು ಸ್ವಾಮಿ?" ಎಂದರು ಮೇಸ್ತ್ರಿ.

"ಯಾರಾದ್ರೇನಯ್ಯಾ?"

"ಅಲ್ಲ, ತಿರುಗ್ಸೋರು ಯಾರು ಹೇಳಿ."

ಅತ್ತೆಯವರ ಬಲಗೈ ಬೆರಳುಗಳು ಹಿಂದೊಮ್ಮೆ ಒಲೆಯಲ್ಲಿ ಸುಟ್ಟು ಮಡಿಚಿಕೊಂಡಿದ್ದವು. ಪರರೆದುರು ಆ ಕೈಯನ್ನು ಸೆರಗಿನಿಂದ ಆಚೆ ತೆಗೆದವರಲ್ಲ. ಅವತ್ತು ಅದೇಕೋ ಮುಂದೆ ಬಂದು ಕೈ ಚಾಚಿದರು. ಗುಂಡು ಹಿಡಿ ಜಾರಿತು. ಮೇಸ್ತ್ರಿ ಆ ಕೈಯತ್ತ ನೋಡಲೇ ಇಲ್ಲ. ಚೀಲದಿಂದ ಉದ್ದ ಹಿಡಿಯ, ಮಂಕು ಬಣ್ಣದ ನಲ್ಲಿಯೊಂದನ್ನು ತೆಗೆದು, ಊದಿ, ತೊಳೆದು ಮುಂದೆ ಹಿಡಿದರು. "ಇದನ್ನ ಮಣಿಕಟ್ಟಲ್ಲಿ ತಳ್ಳಿ ನೋಡಿ ತಾಯಿ." ಅದು ಸಲೀಸಾಗಿ ತಿರುಗಿತು.

ಮರುದಿನ ನೀರು ಬಿಟ್ಟಾಗ ನಾನು ಕೊಡ ಹಿಡಿದು ಓಡಿದೆ.

"ಆ ಕಡೆ ಸರ್ಕೋ, ನಾನೇ ತುಂಬ್ತೀನಿ ಕಣೇ," ಎಂದರು ಅತ್ತೆ.

ಕೊಡ ತುಂಬಿ ಹರಿಯುತ್ತಿದ್ದರೂ ಅವರು ಸ್ವಲ್ಪ ಹೊತ್ತು ನಲ್ಲಿ ನಿಲ್ಲಿಸಲಿಲ್ಲ.