ಬಾಗಿಲಿನಿಂದ ಮೂರನೆಯ ಹಂಚು

ಸುಮಾ, ಕೊಟ್ರೇಶಿ, ಇವತ್ತು ನಾಗರ ಪಂಚಮಿ, ಒಲೆಯ ಮೇಲೆ ಹಂಚು ಇಡಬಾರದ ದಿನ. ನಿನ್ನೆ ಬಡಿದಿಟ್ಟ ರೊಟ್ಟಿ ಬುಟ್ಟಿಯಲ್ಲಿದೆ, ತಂಬಿಟ್ಟು ಡಬ್ಬಿಯಲ್ಲಿದೆ, ನನ್ನ ಕೈಗೆ ಮಾತ್ರ ಕೆಲಸವಿಲ್ಲ. ವರ್ಷಕ್ಕೊಮ್ಮೆ ರಜೆ ಸಿಕ್ಕ ಹಂಚುಗಳನ್ನು ಗೋಡೆಯಿಂದ ಇಳಿಸಿ, ಶೇಂಗಾ ಎಣ್ಣೆ ಸವರಿ, ಜಗಲಿಯ ಮೇಲೆ ಸಾಲಾಗಿ ಬೋರಲು ಹಾಕಿ, ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತ ಅಕ್ಷರಗಳನ್ನು ನೆನಪಿಸಿಕೊಂಡು ಬರೆಯಲು ಕುಳಿತಿದ್ದೇನೆ. ಒಂದು ಒಲೆಗೆ ಹನ್ನೊಂದು ಹಂಚು ಯಾಕಜ್ಜಿ ಎಂದು ಬಂದಾಗಲೆಲ್ಲ ನಗುತ್ತೀರಿ. ಹನ್ನೊಂದಿದ್ದರೂ ಬಾಗಿಲಿನಿಂದ ಮೂರನೆಯದನ್ನೇ ಯಾಕೆ ದಿನಾ ಇಳಿಸುತ್ತೀಯ ಎಂದು ಮಾತ್ರ ಯಾರೂ ಕೇಳಿಲ್ಲ. ಕೇಳಿದ್ದರೆ ನಾಚಿಕೊಂಡು ಏನೋ ಒಂದು ಸುಳ್ಳು ಹೇಳಿ ಪಾರಾಗುತ್ತಿದ್ದೆ; ಕೇಳದಿದ್ದುದರಿಂದ ನಿಜ ಬರೆಯಬೇಕಾಗಿದೆ.

ನನ್ನ ತವರು ಜಗಳೂರಿನ ಕಡೆ. ಅಲ್ಲಿ ಜೋಳದ ರೊಟ್ಟಿಯಿಲ್ಲದ ಊಟ ಊಟವಲ್ಲ. ಹೊನ್ನಾಳಿಯ ಅನ್ನ ಉಣ್ಣುವ ಮನೆಗೆ ಮಗಳನ್ನು ಕೊಡುವಾಗ ಅವ್ವನಿಗೆ ಅದೇ ಚಿಂತೆಯಾಗಿ, ತಾನು ದಿನಾ ಬಳಸುತ್ತಿದ್ದ ಬೀಡಿನ ಹಂಚನ್ನೇ, ಎರಕದ ಕಬ್ಬಿಣದ ಆ ಭಾರವನ್ನೇ, ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟು ಕಳಿಸಿದ್ದಳು. ಮದುವೆಯ ಸೀರೆಗಳಿಗೆಲ್ಲ ಮಸಿ ಹತ್ತಿ ಬೀಗರ ಹೆಂಗಸರು ನಕ್ಕಿದ್ದೇ ನಕ್ಕಿದ್ದು. ಆದರೆ ಬೀಡಿನ ಹಂಚು ನಿಧಾನ ಕಾಯುತ್ತದೆ, ಕಾದ ಮೇಲೆ ನಿಧಾನ ಆರುತ್ತದೆ. ಒಲೆಯ ಉರಿ ಹೆಚ್ಚುಕಡಿಮೆಯಾದರೂ ಅದನ್ನು ರೊಟ್ಟಿಗೆ ತಿಳಿಯಗೊಡುವುದಿಲ್ಲ. ಅವ್ವನ ಸ್ವಭಾವವೂ ಅದೇ.

ನಿಮ್ಮ ಅಜ್ಜ ಖಾಸಗಿ ಬಸ್ಸಿನ ಕಂಡಕ್ಟರ್. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ನಿಮ್ಮ ಅಪ್ಪನ ಬಾಣಂತನಕ್ಕೆಂದು ನಾನು ತವರಿಗೆ ಹೋಗಿದ್ದಾಗ, ಹೆಂಡತಿ ಬಂದು ಸಂತೋಷಪಡಲಿ ಎಂದು ಆ ಕರಿ ಹಂಚನ್ನು ಬೀದಿಯಲ್ಲಿ ಪಾತ್ರೆ ಮಾರುವವಳಿಗೆ ಕೊಟ್ಟು, ಮುಖ ಕಾಣುವಷ್ಟು ಹೊಳೆಯುವ ಸ್ಟೀಲಿನ ಹಂಚನ್ನು ಬದಲಿಗೆ ತಗೊಂಡಿದ್ದರು. ಅದರ ಮೇಲೆ ರೊಟ್ಟಿ ಒಂದು ಕಡೆ ಸೀಯುತ್ತಿತ್ತು, ಇನ್ನೊಂದು ಕಡೆ ಹಸಿ. ಸೀದದ್ದನ್ನು ಕೆರೆದು ಬಡಿಸುತ್ತಿದ್ದೆ. ಮುಂದಿನ ಸುಗ್ಗಿಗೆ ಅವ್ವ ತೀರಿಕೊಂಡಳು. ದಿವಸ ಮುಗಿಸಿ ಬಂದ ಮಾರನೆಯ ಬೆಳಿಗ್ಗೆ, ಹೊಳೆಯುವ ಆ ಹಂಚಿನಲ್ಲಿ ನನ್ನ ಮುಖವೊಂದೇ ಕಂಡು, ಹಿಟ್ಟಿನ ಕೈಯಲ್ಲೇ ಅತ್ತುಬಿಟ್ಟೆ. ಬಚ್ಚಲಿಗೆ ಹೊರಟಿದ್ದ ಅವರು ಅದನ್ನು ನೋಡಿದರು.

"ಆ ಹಂಚು ಹುಡುಕಿ ತರ್ತೀನಿ. ಗುರುತೇನೈತೆ ಹೇಳು" ಎಂದರು.

"ಕೈಯಾಗೆ ಹಿಡಿದ್ರೆ ಗೊತ್ತಾಗ್ತೈತೆ" ಎಂದೆ.

ಗುರುತು ಇತ್ತು. ಎತ್ತಲು ಹಿಡಿಯುವ ಒಂದು ಕಿವಿಯ ಅಡಿಯಲ್ಲಿ, ಎರಕ ಹೊಯ್ದಾಗ ಉಳಿದ, ಹುರಿಗಡಲೆಯಷ್ಟು ಒಂದು ಗಂಟು. ಹಂಚು ಎತ್ತುವಾಗ ಅವ್ವನ ಬೆರಳು, ಆಮೇಲೆ ನನ್ನ ಬೆರಳು, ಅದರ ಮೇಲೆಯೇ ಕೂರುತ್ತಿತ್ತು. ಆದರೆ ಒಂಬತ್ತು ಜನರ ಆ ಮನೆಯಲ್ಲಿ ಹಗಲು ಹೊತ್ತು ಗಂಡನೆದುರು ಅಷ್ಟುದ್ದ ಮಾತಾಡುವ ರೂಢಿ ನನಗಿರಲಿಲ್ಲ.

ಪಾತ್ರೆಯವಳಿಗೆ ಅದನ್ನು ಎಲ್ಲಿ ಮಾರಿದೆನೆಂಬ ನೆನಪಿರಲಿಲ್ಲ. ಹೀಗಾಗಿ ಬಸ್ಸು ನಿಂತ ಊರುಗಳಲ್ಲೆಲ್ಲ ಅಜ್ಜ ಗುಜರಿ ಅಂಗಡಿ, ಸಂತೆ ಜಾಲಾಡತೊಡಗಿದರು. ಮೊದಲನೆಯದು ಬಂದದ್ದು ಚನ್ನಗಿರಿಯಲ್ಲಿ ಮುಚ್ಚಿಹೋದ ಹೋಟೆಲಿನಿಂದ. ಅದರ ತೂಕಕ್ಕೆ ಲಗೇಜ್ ಟಿಕೆಟ್ ಹರಿಯಿರಿ ಎಂದು ಪ್ರಯಾಣಿಕರು ಅವರನ್ನೇ ಛೇಡಿಸಿದರಂತೆ. ಎರಡನೆಯದು ಸಾಸ್ವೆಹಳ್ಳಿಯದು, ಬರೀ ತುಕ್ಕು. ನಾನು ಇಟ್ಟಿಗೆ ಪುಡಿಯಲ್ಲಿ ತಿಕ್ಕಿ, ಗಂಜಿಯಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಈರುಳ್ಳಿ ಬಾಡಿಸಿ ಅದನ್ನು ಪಳಗಿಸಿದೆ. ತುಕ್ಕಿನ ರುಚಿಯಿದ್ದ ಮೊದಲ ರೊಟ್ಟಿ ಕೊಟ್ಟಿಗೆಯ ಕರುವಿಗೆ. ತಂದಾಗಲೆಲ್ಲ ಅವರು ಹೆಗಲ ಚೀಲವನ್ನೂ ಇಳಿಸದೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು "ಇದೇನಾ ನೋಡು" ಎನ್ನುತ್ತಿದ್ದರು. ನಾನು ಹಿಡಿದು ನೋಡಿ "ಅಲ್ಲ ರೀ" ಎನ್ನುತ್ತಿದ್ದೆ. ಆಮೇಲೆ ಅಲ್ಲೇ ಕೂತು, ಕಾಫಿ ಆರುವವರೆಗೆ, ಅದು ಸಿಕ್ಕಿದ ಕಥೆ ಹೇಳುತ್ತಿದ್ದರು. ಅಷ್ಟು ಹೊತ್ತು ಅವರ ಮಾತು ನನ್ನೊಬ್ಬಳ ಜೊತೆ.

ಮೂರನೆಯದು ನ್ಯಾಮತಿ ಸಂತೆಯದು. ಕೈಗೆ ತಗೊಂಡೆ. ಬೆರಳು ತಾನೇ ಹೋಗಿ ಗಂಟಿನ ಮೇಲೆ ಕೂತಿತು. ಅವ್ವನೇ ಕೈ ಹಿಡಿದ ಹಾಗಾಯಿತು.

"ಇದೇನಾ?" ಎಂದರು.

ಹೌದು ಎಂದರೆ ಹುಡುಕಾಟ ಮುಗಿಯುತ್ತದೆ. ಅವರಿಗೆ ಈ ಹೊಸ್ತಿಲಿಗೆ ಬರಲು ನೆಪವೇ ಇರುವುದಿಲ್ಲ.

"ಅಲ್ಲ ರೀ" ಎಂದೆ.

ಅವರು ಸಪ್ಪೆ ಮುಖ ಮಾಡಿ ಕಾಫಿಗೆ ಕೂತರು. ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡು ತಪ್ಪನ್ನು ಹೊಗೆಯ ಮೇಲೆ ಹಾಕಿದೆ. ಆರನೆಯದು ಬಂದಾಗ ನಮ್ಮತ್ತೆ, "ಒಲೆ ಒಂದೈತೆ, ಹಂಚು ಆರಾದ್ವು. ಬಸ್ ಬಿಟ್ಟು ಖಾನಾವಳಿ ಇಡಾಕೆ ಹೊಂಟೀಯೇನಪ್ಪಾ?" ಎಂದರು. ಅಜ್ಜ ನಕ್ಕು ಏಳನೆಯದನ್ನು ತಂದರು; ತಂದ ಕ್ರಮದಲ್ಲೇ ಬಾಗಿಲಿನ ಕಡೆಯಿಂದ ಗೋಡೆಗೆ ತೂಗುಹಾಕುತ್ತ ಹೋದೆ. ಎಂಬತ್ತರ ದಶಕ ಪೂರ್ತಿ ಹೀಗೇ ಕಳೆಯಿತು. ಇನ್ನೇನು ಹೇಳಿಬಿಡೋಣ ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ, ಇನ್ನೊಂದು ಬರಲಿ ಎಂದು ಪ್ರತಿ ಸಲವೂ ಸುಮ್ಮನಾಗುತ್ತಿದ್ದೆ. ಇಬ್ಬರಿಗೂ ವಯಸ್ಸಾದ ಮೇಲೆ ಹೇಳಿದರೆ ಎಷ್ಟು ನಗುತ್ತಾರೆ ಎಂದು ಒಬ್ಬಳೇ ಎಣಿಸಿ ಖುಷಿಪಡುತ್ತಿದ್ದೆ.

ಹನ್ನೊಂದನೆಯದಕ್ಕೂ ಅಲ್ಲ ಎಂದಾಗ, "ಬಿಡು, ಬರೋ ವಾರ ಜಗಳೂರು ರೂಟ್ ಐತೆ. ಅದು ನಿಮ್ಮೂರ ಕಡೀಗೇ ಹೋಗಿರ್ಬೇಕು" ಎಂದರು. ಆ ವಾರ ಬರಲಿಲ್ಲ. ಎದೆನೋವೆಂದು ಮಲಗಿದವರು ಏಳಲಿಲ್ಲ. ತಾವು ಕಳೆದ ಹಂಚಿನ ರೊಟ್ಟಿಯನ್ನೇ ವರ್ಷಗಟ್ಟಲೆ ಉಂಡು, ಅದನ್ನು ಹುಡುಕುತ್ತಲೇ ಹೋದರು.

ನಾಳೆ ಮತ್ತೆ ಒಲೆ ಹಚ್ಚಿ ಮೂರನೆಯದನ್ನೇ ಎತ್ತುತ್ತೇನೆ. ಎತ್ತುವಾಗ ದಿನವೂ ಬೆರಳು ಗಂಟಿನ ಮೇಲಿಟ್ಟು ಹೊಸ್ತಿಲ ಕಡೆ ನೋಡುತ್ತೇನೆ, ಬಾಯಿ ಮಾತ್ರ ಬರುವುದಿಲ್ಲ. ನಾಳೆ "ಇದೇ ರೀ" ಎಂದು ಬಾಯಿಬಿಟ್ಟು ಹೇಳಿ ನೋಡಬೇಕು. ನೀವು ಬಂದಾಗ ನಿಮ್ಮ ಬೆರಳನ್ನೂ ಅಲ್ಲಿಟ್ಟು ನೋಡಿ. ಈ ಹಾಳೆಗಳನ್ನು ತೇವ ತಾಗದಂತೆ ಟ್ರಂಕಿನಲ್ಲಿ, ನನ್ನ ಸೀರೆಗಳ ನಡುವೆ ಜೋಪಾನವಾಗಿಡಿ. ಒಂದಿಷ್ಟು ಮಸಿ ಹತ್ತಿದರೆ ಹತ್ತಲಿ.