ಕಮಾನಿನ ಇನ್ನೊಂದು ಕಾಲು

ಹಳೆಯ ಸೇತುವೆ ಅಳೆಯುವುದರಲ್ಲಿ ನನ್ನನ್ನು ಮೀರಿಸುವವರು ತುಮಕೂರಿನಲ್ಲಿ ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತೇನೆ. ಬೇರೆಯವರು ಹೇಳಲಿ ಎಂದು ಕಾಯುತ್ತಾ ಕೂತರೆ ಆಯಸ್ಸೇ ಮುಗಿದೀತು. ಕಾಲೇಜಿನಲ್ಲಿ ಸಿವಿಲ್ ಪಾಠ ಮಾಡುತ್ತೇನೆ. ರಜೆಯಲ್ಲಿ ಸೇತುವೆಗಳ ನಕ್ಷೆ ಬರೆಯುತ್ತೇನೆ. ಹೋದ ಬೇಸಿಗೆಯಲ್ಲಿ ಸಿ.ಎಸ್. ಪುರದಿಂದ ಕುಣಿಗಲ್ ಕಡೆಗೆ ಹೋಗುವ ಹಳೆಯ ದಾರಿಯ ಉಕ್ಕಿನ ಕಮಾನು ಸೇತುವೆಯನ್ನು ದಾಖಲಿಸುವ ಕೆಲಸ ಬಂತು. ಪಕ್ಕದಲ್ಲೇ ಹೊಸ ಕಾಂಕ್ರೀಟ್ ಸೇತುವೆ ಎದ್ದಿತ್ತು. ಹಳೆಯದನ್ನು ಕತ್ತರಿಸಿ ಗುಜರಿಗೆ ಹಾಕುವುದೋ, ನಡೆದು ಹೋಗುವವರಿಗಾಗಿ ಉಳಿಸುವುದೋ ಎಂಬುದು ನನ್ನ ವರದಿಯ ಮೇಲೆ ನಿಂತಿತ್ತು.

"ಉಳಿಯುತ್ತೆ, ಬರೆದಿಟ್ಕೊಳ್ಳಿ" ಎಂದು ಇಲಾಖೆಯ ಇಂಜಿನಿಯರಿಗೆ ಮೊದಲ ದಿನವೇ ಹೇಳಿಬಿಟ್ಟೆ. ಅವರು ನನ್ನ ಹಳೆಯ ವಿದ್ಯಾರ್ಥಿ. "ಕೀಲು ಕಚ್ಕೊಂಡಿದ್ರೆ ಏನ್ ಮಾಡ್ತೀರಾ ಮೇಡಂ?" ಎಂದು ನಕ್ಕರು.

ಕೇಳಿದ್ದು ಸರಿಯಾದ ಪ್ರಶ್ನೆಯೇ. ಬಿಸಿಲಿಗೆ ಉಕ್ಕು ಹಿಗ್ಗಿ ಕಮಾನು ಮೇಲೇಳುತ್ತದೆ. ಆಗ ಅದರ ಎರಡೂ ಕಾಲುಗಳು ಬುಡದಲ್ಲಿರುವ ಕೀಲಿನ ಮೇಲೆ ಬಾಗಿಲಿನಂತೆ ಒಂದೇ ಒಂದಿಷ್ಟು ತಿರುಗಬೇಕು. ಕೀಲು ತುಕ್ಕು ಹಿಡಿದು ಬಿಗಿದರೆ ಆ ಒತ್ತಡವನ್ನೆಲ್ಲ ಕಮಾನೇ ತಿನ್ನಬೇಕಾಗುತ್ತದೆ, ಒಂದು ದಿನ ಅದೇ ಸೀಳುತ್ತದೆ.

ಸಿ.ಎಸ್. ಪುರದ ದಿಕ್ಕಿಗಿರುವ ಗುಬ್ಬಿ ಕಡೆಯ ದಡದಲ್ಲಿ ಕೀಲು ಕಾಣುತ್ತಲೇ ಇರಲಿಲ್ಲ. ಊರಿನವರು ಅದನ್ನು ಲಿಂಗವೆಂದು ಪೂಜಿಸುತ್ತಿದ್ದರು. ಸೋಮವಾರ ಬಂತೆಂದರೆ ಹರಳೆಣ್ಣೆ ಹೊಯ್ದು, ಸುತ್ತ ವಿಭೂತಿ ಕಲಸಿ ಮೆತ್ತುತ್ತಿದ್ದರು. ಕೆರೆಯಲು ನಾನು ಉಳಿ ತೆಗೆದ ಕೂಡಲೇ ಪೂಜೆ ಮಾಡುವ ಅಜ್ಜಿ ಅಡ್ಡ ನಿಂತರು.

"ದೇವ್ರ ಮೈ ಕೆರೀತೀಯೇನವ್ವ? ಬುಡು, ಮೊದ್ಲೇ ಮುನಿಸ್ಕೊಂಡವ್ನೆ. ಎಷ್ಟು ಮೆತ್ತಿದ್ರೂ ಮಧ್ಯಾಹ್ನಕ್ಕೆ ಬಿರುಕು ಬಿಡ್ತಾನೆ, ಬೆಳಗಾದ್ರೆ ಕೂಡ್ಕತಾನೆ."

ನೆತ್ತಿಗೇರಿದ್ದ ನನ್ನ ಸಿಟ್ಟು ಆ ಮಾತಿಗೆ ಇಳಿದುಹೋಯಿತು. ಗೋಡೆಯ ಬಿರುಕು ಅಲುಗಾಡುತ್ತಿದೆಯೇ ಎಂದು ತಿಳಿಯಲು ನಾವೂ ಅದರ ಮೇಲೆ ಗಾರೆಯ ಪಟ್ಟಿ ಮೆತ್ತಿ ಕಾಯುತ್ತೇವೆ. ಅಲುಗಿದರೆ ಪಟ್ಟಿ ಸೀಳುತ್ತದೆ. ಇಲ್ಲಿ ಆ ಕೆಲಸವನ್ನು ವಿಭೂತಿ ಮಾಡುತ್ತಿತ್ತು. "ಮುನಿಸಲ್ಲ ಅಜ್ಜಿ, ಕೀಲು ತಿರುಗ್ತಾ ಇದೆ. ನಿಮ್ಮ ಎಣ್ಣೆಯಿಂದ್ಲೇ" ಎಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮತ್ತೆ ವಿಭೂತಿ ಮೆತ್ತತೊಡಗಿದರು.

ಅವರಿಂದಲೇ ಒಂದು ಹಿಡಿ ವಿಭೂತಿ ಇಸಿದುಕೊಂಡು ಕುಣಿಗಲ್ ಕಡೆಯ ದಡಕ್ಕೆ ಹೋದೆ. ಅಲ್ಲಿ ಪೂಜೆ ಇರಲಿಲ್ಲ. "ದೇವ್ರು ಆ ಕಡೆ ಅವ್ನೆ, ನಮ್ದು ಬರೀ ಕಬ್ಣ" ಎಂದಳು ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು. ಈ ದಡದವರೂ ಎಣ್ಣೆ ಹಿಡಿದು ಸೇತುವೆ ದಾಟಿ ಅಲ್ಲಿಗೇ ಹೋಗುತ್ತಿದ್ದರಂತೆ. ಕೀಲಿನ ಸುತ್ತ ವಿಭೂತಿ ಮೆತ್ತಿ ಬಿಸಿಲಿನಲ್ಲಿ ಕೂತೆ. ಸಂಜೆಯವರೆಗೂ ಒಂದು ಗೆರೆಯೂ ಬೀಳಲಿಲ್ಲ. ಕೀಲು ಕಚ್ಚಿಕೊಂಡಿತ್ತು.

ಕಂಡದ್ದನ್ನು ಕಂಡ ಹಾಗೆಯೇ ಇಂಜಿನಿಯರಿಗೆ ಹೇಳಿದೆ. "ಹಂಗಾದ್ರೆ ಕತ್ತರಿಸೋದೇ ಮೇಡಂ. ಕಟರ್ ಬರೋವರೆಗೂ ಟೈಮ್ ಇದೆ, ಅಷ್ಟರಲ್ಲಿ ಕೀಲು ತಿರುಗಿದ್ರೆ ನೋಡೋಣ" ಎಂದರು. ಆ ಸೇತುವೆಯ ಬಗ್ಗೆ ಮೊದಲ ಸಲ ನನಗೆ ಭಯವಾಯಿತು.

ಈ ದಡದಲ್ಲಿ ಕೆರೆಯಲು ಯಾರ ಅಡ್ಡಿಯೂ ಇರಲಿಲ್ಲ. ಕೂಲಿಯವರನ್ನು ಹಿಡಿದು ತುಕ್ಕು ಕೆರೆಸಿದೆ. ದಿನಾ ಎಣ್ಣೆ ಹೊಯ್ಯಿರಿ ಎಂದರೆ ಕುಣಿಗಲ್ ಕಡೆಯ ಹೆಂಗಸರು ಹಿಂದೆ ಸರಿದರು. ಎರಡು ದೇವರು ಮಾಡಿದರೆ ಮೊದಲಿನವನು ಸುಮ್ಮನಿರುತ್ತಾನೆಯೇ ಎಂಬ ಚಿಂತೆ ಅವರಿಗೆ. ನಾನು ಉಕ್ಕು, ಬಿಸಿಲು ಎಂದೆಲ್ಲ ಪಾಠ ಹೇಳಿದೆ. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಈ ಮಾತು ಕಿವಿಗೆ ಬಿದ್ದು ಗುಬ್ಬಿ ಕಡೆಯ ಅಜ್ಜಿಯೇ ಸೇತುವೆ ದಾಟಿ ಬಂದರು. ಬರುವಾಗ ತಲೆಯೆತ್ತಿ ಇಡೀ ಕಮಾನನ್ನು ಈ ಕಡೆಯಿಂದ ಆ ಕಡೆಗೆ ನೋಡಿಕೊಂಡೇ ಬಂದರು.

"ಎರಡು ದೇವ್ರಲ್ಲ ಕಣ್ರೇ, ಒಬ್ನೇ. ಇಷ್ಟು ಕಾಲ ಒಂದೇ ಕಾಲಿಗೆ ಎಣ್ಣೆ ಹಚ್ಚಿದ್ದೀವಿ."

ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ.

ಕಟರ್ ಹೊತ್ತ ಲಾರಿ ಬಂದು ನಿಂತ ದಿನ ಸುಡುಬಿಸಿಲು. ಬೆಳಿಗ್ಗೆಯೇ ಕುಣಿಗಲ್ ಕಡೆಯ ಕೀಲಿಗೆ ಹೊಸದಾಗಿ ವಿಭೂತಿ ಮೆತ್ತಿದ್ದೆ. ಇಂಜಿನಿಯರ್ ಛತ್ರಿ ಹಿಡಿದು ನಿಂತಿದ್ದರು. ಊಟದ ಹೊತ್ತು ಕಳೆದು ಬಹಳ ಹೊತ್ತಾದ ಮೇಲೆ ಕೀಲಿನ ಅಂಚಿನುದ್ದಕ್ಕೂ ಸಣ್ಣ ಗೆರೆಯೊಂದು ಬಿಟ್ಟಿತು. ಇಂಜಿನಿಯರ್ ಬಗ್ಗಿ ಅದರ ಮೇಲೆ ಉಗುರಾಡಿಸಿ, ಹೋಗಿ ಲಾರಿಯನ್ನು ತಿರುಗಿಸಿ ಕಳಿಸಿದರು.

ನಾನು ಮೊದಲೇ ಹೇಳಿರಲಿಲ್ಲವೇ ಎಂದು ಕೇಳುವ ಆಸೆಯಿತ್ತು. ಅಷ್ಟರಲ್ಲಿ ಹೆಂಗಸರು ಬಿರುಕಿಗೆ ಅಡ್ಡಬಿದ್ದರು. ಅದು ಬರೀ ಚಲನೆ ಎಂದು ತಿಳಿಸಿ ಹೇಳಬೇಕಾದವಳು ನಾನು, ಚಪ್ಪಲಿ ಕಳಚಿ ಅವರ ಪಕ್ಕದಲ್ಲಿ ಬಗ್ಗಿದೆ.