ಹುಳುಮನೆಯ ಬಾಗಿಲಲ್ಲಿ ಬರೆದ ಸೊನ್ನೆ

ಕೊರೊನಾ ಗಲಾಟೆ ತಣ್ಣಗಾದ ಮೇಲಿನ ಎರಡನೇ ಮಳೆಗಾಲ. ನಾನಾಗ ರಾಮನಗರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಜೀವವಿಜ್ಞಾನದ ಅಧ್ಯಾಪಕ. ಈಗಲೂ ಅಲ್ಲೇ ಇದ್ದೇನೆ. ಓದಿದ್ದು ಇಕಾಲಜಿ. ಎಂ.ಎಸ್ಸಿ.ಯಲ್ಲಿ ಎರಡು ವರ್ಷ ಕೆರೆಕಟ್ಟೆಗಳ ಸೊಳ್ಳೆಮರಿ ಎಣಿಸಿದವನು. ಸೂಜಿ ಕಂಡರೆ ಕಣ್ಣು ಮುಚ್ಚುವ ಮನುಷ್ಯ ನರ್ಸ್‌ಗಳಿಗೆ ಪಾಠ ಹೇಳುತ್ತಾನೆ ಎಂದು ನನ್ನ ಹೆಂಡತಿ ನೆಂಟರನ್ನೆಲ್ಲ ನಗಿಸುತ್ತಾಳೆ. ಚಿಂತೆ ಮಾಡುವುದು ನನ್ನ ಇನ್ನೊಂದು ಉದ್ಯೋಗ. ಹಳ್ಳಿಗೆ ಹೊರಟರೆ ಬ್ಯಾಗಿನಲ್ಲಿ ಎರಡು ಛತ್ರಿ, ಮೂರು ಟಾರ್ಚು, ಒಂದು ಡಜನ್ ಓಆರ್‌ಎಸ್ ಪೊಟ್ಟಣ. ವಿದ್ಯಾರ್ಥಿನಿಯರು ನನಗೆ ‘ಟೆನ್ಶನ್ ಸರ್’ ಅಂತ ಹೆಸರಿಟ್ಟಿದ್ದರು. ಅದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದರು.

ಆ ವರ್ಷ ಕೂಟಗಲ್ ಕಡೆಯ ಒಂದು ಹಳ್ಳಿಯಲ್ಲಿ ಇಬ್ಬರಿಗೆ ಡೆಂಗಿ ಬಂತು. ಸಮುದಾಯ ಆರೋಗ್ಯದ ತರಬೇತಿಗೆಂದು ನಮ್ಮ ಮೂರನೇ ವರ್ಷದ ತಂಡವನ್ನು ಅಲ್ಲಿಗೆ ಹಾಕಿದರು. ಕೆಲಸ ಲಾರ್ವಾ ಸಮೀಕ್ಷೆ. ಡೆಂಗಿ ಹರಡುವ ಸೊಳ್ಳೆ ಚರಂಡಿಯಲ್ಲಿ ಮರಿ ಮಾಡುವುದಿಲ್ಲ. ಮನೆಯೊಳಗೆ, ಸುತ್ತಮುತ್ತ ನಿಂತ ಶುದ್ಧ ನೀರೇ ಅದಕ್ಕೆ ಬೇಕು. ಮನೆಮನೆಗೆ ಹೋಗಿ ತೊಟ್ಟಿ, ಡ್ರಮ್ಮು, ಹೂಕುಂಡದ ತಟ್ಟೆಗಳಿಗೆಲ್ಲ ಟಾರ್ಚು ಬಿಟ್ಟು, ಎಷ್ಟರಲ್ಲಿ ನೀರಿದೆ, ಎಷ್ಟರಲ್ಲಿ ಮರಿ ಇದೆ ಎಂದು ಹಾಳೆಯಲ್ಲಿ ತುಂಬಬೇಕು. ಮರಿ ಕಂಡರೆ ಅಲ್ಲೇ ನೀರು ಚೆಲ್ಲಿಸಬೇಕು.

ಅದು ರೇಷ್ಮೆ ಊರು. ರೇಷ್ಮೆ ಹುಳುವಿಗೆ ಸೊಳ್ಳೆಬತ್ತಿಯ ಹೊಗೆಯೂ ವಿಷವೇ. ಹೊಗೆ ಯಂತ್ರದ ಆಟೋ ಬಂದರೆ ಬೆಳೆ ಪೂರ್ತಿ ಹೋಯಿತು. ಹಾಗಾಗಿ ಮನೆಯಲ್ಲಿ ಜ್ವರ ಬಂದರೆ ಆಶಾ ಕಾರ್ಯಕರ್ತೆಗೆ ಹೇಳದೆ ಬಚ್ಚಿಡುವವರೂ ಇದ್ದರು. ಇನ್ನೊಂದು ಕಟ್ಟುಪಾಡು: ಹುಳು ಸಾಕುವ ಮನೆಗೆ ಹೊರಗಿನವರು ಕಾಲಿಡಬಾರದು. ಅದು ಮೂಢನಂಬಿಕೆಯಲ್ಲ, ಹುಳುವಿನ ರೋಗ ಕಾಲಿನ ಧೂಳಿನಲ್ಲೇ ಹರಡುತ್ತದೆ ಎಂದು ನಾನೇ ಪಾಠ ಮಾಡಿದ್ದೇನೆ.

ಮೂವತ್ತನೇ ಮನೆಯೋ ಮೂವತ್ತೊಂದನೆಯದೋ ಪುಟ್ಟಸ್ವಾಮಿಯದು. ಹಿತ್ತಲಲ್ಲಿ ಶೀಟು ಹೊದಿಸಿದ ಹುಳುಮನೆ. ಅವನ ಹೆಂಡತಿ ಮಂಜುಳಾ ನಮಗೆಲ್ಲ ಮಜ್ಜಿಗೆ ಕೊಟ್ಟು, ನನ್ನ ಬ್ಯಾಗು ನೋಡಿ, “ಏನ್ ಸಾ, ಮದ್ವೆಗೆ ಹೊಂಟೋರಂಗೆ ಸಾಮಾನು ತಂದಿದ್ದೀರಾ?” ಅಂದಳು. ಹುಡುಗಿಯರು ಬಾಯಿಗೆ ವೇಲು ಒತ್ತಿಕೊಂಡರು.

ಹುಳುಮನೆ ಬಾಗಿಲಿಗೆ ಪುಟ್ಟಸ್ವಾಮಿ ಅಡ್ಡ ನಿಂತ. “ಮೊನ್ನೆ ತಾನೇ ಮರಿಹುಳ ತಂದಿವ್ನಿ. ಒಳಗೇನೂ ಇಲ್ಲ ಸಾ, ಹುಳ ಬಿಟ್ರೆ ಸೊಪ್ಪು.”

ತಂಡದಲ್ಲಿದ್ದ ರೇಖಾ ಕನಕಪುರದ ಕಡೆಯವಳು, ರೇಷ್ಮೆ ಮನೆಯಲ್ಲೇ ಬೆಳೆದವಳು. ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದಳು: “ಸರ್, ಇರುವೆ ಹತ್ತಬಾರ್ದು ಅಂತ ಹುಳದ ತಟ್ಟೆ ಇಡೋ ಸ್ಟ್ಯಾಂಡಿನ ಕಾಲಿನ ಕೆಳಗೆ ಬಟ್ಟಲಲ್ಲಿ ನೀರಿಟ್ಟಿರ್ತಾರೆ. ನಮ್ಮನೇಲೂ ಇಡ್ತಾರೆ. ಕೈಕಾಲು ತೊಳ್ಕೊಂಡು ಸುಣ್ಣ ತುಳಿದು ಹೋದ್ರೆ ಏನೂ ಆಗಲ್ಲ. ನಾನೊಬ್ಳೇ ಹೋಗ್ಬರ್ಲಾ?”

ನನ್ನ ತಲೆಯಲ್ಲಿ ಆಗಲೇ ಸಿನಿಮಾ ಓಡುತ್ತಿತ್ತು. ಹುಳು ಸಾಯುತ್ತವೆ, ಊರಿನವರು ಕಾಲೇಜಿಗೆ ನುಗ್ಗುತ್ತಾರೆ, ಪ್ರಾಂಶುಪಾಲರು ನನ್ನನ್ನು ಕರೆಯುತ್ತಾರೆ. “ಬೇಡಮ್ಮ, ಅವರ ಅನ್ನದ ವಿಷಯ” ಅಂದೆ. ಹಾಳೆಯಲ್ಲಿ ಖಾಲಿ ಬಿಟ್ಟರೆ ಪರಿಶೀಲಿಸುವವರು ವಾಪಸ್ ಕಳಿಸುತ್ತಾರೆ. ಹುಳುಮನೆಯ ಸಾಲಿನಲ್ಲಿ ನೀರಿನ ಪಾತ್ರೆ ಸೊನ್ನೆ, ಮರಿ ಸೊನ್ನೆ ಎಂದು ಬರೆದು ಸಹಿ ಹಾಕಿದೆ. ಊರಿನ ಉಳಿದ ಕಡೆ ಸಿಕ್ಕ ಮರಿಗಳನ್ನೆಲ್ಲ ಚೆಲ್ಲಿಸಿದೆವು. ಹೊಗೆ ಹಾಕುವ ಅಗತ್ಯವಿಲ್ಲ ಎಂದು ವರದಿಯಾಯಿತು. ಊರಿಗೆ ಊರೇ ನಮ್ಮನ್ನು ಹೊಗಳಿತು.

ಎರಡು ವಾರ ಬಿಟ್ಟು ಮರುಭೇಟಿಗೆ ಹೋದೆವು. ಮಂಜುಳಾ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸೊಪ್ಪಿನ ಹೊರೆ.

“ನಾಕ್ ದಿನ ಜ್ವರ ಸಾ. ಬೆಳಿಗ್ಗೆಯಿಂದ ಬುಟ್ಟೈತೆ. ಒಸಿ ಸುಸ್ತು, ಅಷ್ಟೇಯ.”

“ಬಿಡ್ತಲ್ಲ, ಒಳ್ಳೇದಾಯ್ತು” ಅಂದುಬಿಟ್ಟೆ.

ರೇಖಾ ಅವಳ ಕೈ ಹಿಡಿದು ನೋಡಿದಳು. ತಣ್ಣಗಿತ್ತು, ಬೆವೆತಿತ್ತು. ಎರಡು ಸಲ ವಾಂತಿಯಾಗಿದೆ, ಹೊಟ್ಟೆ ನೋಯುತ್ತಿದೆ ಎಂಬುದನ್ನು ಕೇಳಿ ಕೇಳಿ ಹೊರಗೆಳೆದಳು. ಆಮೇಲೆ ನನ್ನತ್ತ ತಿರುಗಿ, “ಸರ್, ಡೆಂಗಿಲಿ ಜ್ವರ ಬಿಟ್ಟ ದಿನಾನೇ ಕೆಟ್ಟ ದಿನ. ಈಗ್ಲೇ ಕರ್ಕೊಂಡು ಹೋಗ್ಬೇಕು” ಅಂದಳು. ಅದು ಅವಳ ಪಠ್ಯದಲ್ಲಿತ್ತು, ನನ್ನದರಲ್ಲಿರಲಿಲ್ಲ. ಜ್ವರ ಇಳಿಯುವ ಹೊತ್ತಿಗೇ ರಕ್ತದ ನೀರಿನಂಶ ನಾಳಗಳಿಂದ ಸೋರಲು ಶುರುವಾಗಬಹುದು. ಹೊರಗಿನಿಂದ ನೋಡುವವರಿಗೆ ರೋಗಿ ಚೇತರಿಸಿಕೊಂಡಂತೆ ಕಾಣುತ್ತದೆ.

ಮಂಜುಳಾ ಒಪ್ಪಲಿಲ್ಲ. ಕೊನೇ ಹಂತದ ಹುಳು ದಿನಕ್ಕೆ ಎರಡು ಮೂರು ಸಲ ಹೊರೆಗಟ್ಟಲೆ ಸೊಪ್ಪು ಮುಗಿಸುತ್ತದೆ. ಹಸಿದರೆ ಗೂಡು ತೆಳ್ಳಗಾಗುತ್ತದೆ.

“ಅವು ಬಾಯ್ ಬಿಟ್ಕೊಂಡು ಕುಂತವೆ ಕಣವ್ವ. ಈ ಒಂದ್ ಹೊತ್ತಿನ ಸೊಪ್ಪು ಹಾಕ್ಬುಟ್ಟು ಬತ್ತೀನಿ.”

“ಅಕ್ಕಾ, ಸೊಪ್ಪು ನಾನು ಹಾಕ್ತೀನಿ, ನನಗೆ ಬರ್ತದೆ. ನೀವು ವ್ಯಾನ್ ಹತ್ತಿ!”

“ನೀನು ಹೊರಗ್ನೋಳು. ಒಳಕ್ಕೋದ್ರೆ ನಮ್ ಯಜಮಾನ್ರು ನನ್ ಸುಮ್ನೆ ಬುಟ್ಟಾರಾ?” ಎಂದು ನಕ್ಕಳು.

ಪುಟ್ಟಸ್ವಾಮಿ ಚನ್ನಪಟ್ಟಣಕ್ಕೆ ಹೋಗಿದ್ದ. ಫೋನಿಗೆ ಸಿಗಲಿಲ್ಲ. ಹೊರೆ ಹೊತ್ತು ಹುಳುಮನೆಗೆ ಹೋದವಳು ಹೊರಗೆ ಬರಲು ಒಂದೂವರೆ ಗಂಟೆ ಹಿಡಿಯಿತು. ಬಾಗಿಲ ಹೊರಗಿನಿಂದ ರೇಖಾ ಅವಳನ್ನು ಕರೆಯುತ್ತಲೇ ಇದ್ದಳು, ನಾನು ಗಡಿಯಾರ ನೋಡುತ್ತಲೇ ಇದ್ದೆ. ಬಂದವಳು ಹೊಸ್ತಿಲಲ್ಲೇ ಕುಸಿದಳು. ಕಾಲೇಜಿನ ವ್ಯಾನಿನಲ್ಲಿ ಮಲಗಿಸಿಕೊಂಡು ರಾಮನಗರಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ. ವೈದ್ಯರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಮೂರನೇ ದಿನ ಮಧ್ಯಾಹ್ನ ಮಂಜುಳಾ ತೀರಿಕೊಂಡಳು. ಮೂವತ್ತಾರು ವರ್ಷ.

ಅದೇ ದಿನ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದವು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಸಿಕ್ಕಲ್ಲೇ ನೂಲು ಸುತ್ತುತ್ತವೆ. ಮುಂಬಾಗಿಲಲ್ಲಿ ಹೆಣ ಇಳಿಸುವಾಗ ಹಿತ್ತಲಲ್ಲಿ ನೆರೆಯ ನಾಲ್ಕು ಹೆಂಗಸರು ಅಳುತ್ತಲೇ ಹುಳು ಆರಿಸುತ್ತಿದ್ದರು.

ತಿಥಿ ಕಳೆದ ಮೇಲೆ ನಾನೊಬ್ಬನೇ ಹೋದೆ. ಪುಟ್ಟಸ್ವಾಮಿ ಗೂಡು ಬಿಡಿಸಿಯಾಗಿತ್ತು. ಹುಳುಮನೆಯ ಬಾಗಿಲು ಹಾರು ಹೊಡೆದಿತ್ತು.

“ಬನ್ನಿ ಸಾ. ಈಗ ಒಳಗೆ ಹುಳ ಇಲ್ಲ.”

ಮೂರು ಸ್ಟ್ಯಾಂಡು, ಒಂದೊಂದಕ್ಕೂ ಎಂಟು ಕಾಲು. ಕಾಲಿನ ಕೆಳಗೆ ಬಟ್ಟಲು, ತೆಂಗಿನ ಚಿಪ್ಪು, ಕತ್ತರಿಸಿದ ಪ್ಲಾಸ್ಟಿಕ್ ಡಬ್ಬಿ. ಟಾರ್ಚು ಬಿಟ್ಟೆ. ಇಪ್ಪತ್ತನಾಲ್ಕರಲ್ಲಿ ಹದಿನೇಳರಲ್ಲಿ ಮರಿಗಳು ಬೆಳಕಿಗೆ ಬೆದರಿ ತಳಕ್ಕೆ ಜಾರಿದವು.

ಅವನು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದ. “ಆವತ್ತು ಒಳಕ್ಕೆ ಬಂದಿದ್ರೆ ಇವು ಕಾಣ್ತಿದ್ವಾ ಸಾ?”

ತಪ್ಪಿಸಿಕೊಳ್ಳಲು ನನ್ನ ವಿದ್ಯೆ ಬೇಕಾದಷ್ಟು ದಾರಿ ಕೊಟ್ಟಿತ್ತು. ಯಾವ ಸೊಳ್ಳೆ ಎಲ್ಲಿ ಕಚ್ಚಿತು ಎಂದು ಯಾರೂ ಹೇಳಲಾರರು. ಆವತ್ತು ಈ ನೀರಿನಲ್ಲಿ ಮರಿ ಇತ್ತೆಂದು ಸಾಬೀತೂ ಇಲ್ಲ. ಅದೆಲ್ಲ ನಿಜವೇ.

“ನೀರಂತೂ ಕಾಣ್ತಿತ್ತು” ಅಂದೆ. “ಚೆಲ್ಲಿ ಎರಡು ಹನಿ ಬೇವಿನೆಣ್ಣೆ ಹಾಕಿ ಅಂತ ಹೇಳ್ತಿದ್ದೆ. ಆ ಹುಡುಗಿ ನೋಡ್ಬೇಕು ಅಂದಿದ್ಲು. ನಾನೇ ಬೇಡ ಅಂದೆ.”

ಅವನು ಒಂದು ಚಿಪ್ಪು ಎತ್ತಿ ಒಳಗೆ ನೋಡಿದ. ಆಮೇಲೆ, “ನಾನು ತಡೆದೆ, ನೀವು ನಿಂತ್ರಿ. ನಾನು ಓದಿಲ್ಲ ಸಾ. ನೀವು ಓದಿದ್ರಲ್ಲ” ಅಂದ. ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಇಬ್ಬರೂ ಸೇರಿ ಇಪ್ಪತ್ತನಾಲ್ಕನ್ನೂ ಹೊರಗೆ ಚೆಲ್ಲಿದೆವು.

ಕಾಲೇಜಿಗೆ ಬಂದು ಆ ಮನೆಯ ಹಾಳೆ ತೆಗೆಸಿ, ಸೊನ್ನೆಗಳನ್ನು ಹೊಡೆದುಹಾಕಿ, ‘ನೋಡಿಲ್ಲ’ ಎಂದು ಬರೆದು, ತಪ್ಪು ನನ್ನದೆಂದು ಸೇರಿಸಿ ತಾಲ್ಲೂಕು ಕಚೇರಿಗೆ ಕಳಿಸಿದೆ. ಯಾರೂ ಏನೂ ಕೇಳಲಿಲ್ಲ. ಇಷ್ಟು ವರ್ಷ ಹೆದರಿದ್ದು ಇಂಥ ಪ್ರಶ್ನೆಗೇ. ಅದು ಬರಲೇ ಇಲ್ಲ. ಆವತ್ತು ಬಾಗಿಲಲ್ಲಿ ನಾನು ಪುಟ್ಟಸ್ವಾಮಿಯ ಅನ್ನ ಹೋದೀತೆಂದು ಹೆದರಿರಲಿಲ್ಲ, ನನ್ನ ಹೆಸರು ಕೆಟ್ಟೀತೆಂದು ಹೆದರಿದ್ದೆ. ಇದನ್ನು ಒಪ್ಪಿಕೊಳ್ಳುವುದಕ್ಕೆ ಇನ್ನೊಂದು ವರ್ಷ ಬೇಕಾಯಿತು. ಚಿಂತೆ ಈಗಲೂ ಬಿಟ್ಟಿಲ್ಲ. ಆದರೆ ನಾನು ಕಾಲಿಡದ ಕೋಣೆಯ ಬಗ್ಗೆ ಹಾಳೆಯಲ್ಲಿ ‘ಇಲ್ಲ’ ಎಂದು ಬರೆಯುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೂ ಬರೆಯಲು ಬಿಡುವುದಿಲ್ಲ.